ಗೋವಿಂದಪ್ಪನ ಭುಜ, ಯಶೋದಮ್ಮನ ಕೌದಿ

ಹೊಸದುರ್ಗದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿಗೆ ಹೊರಟಿತು ಎಂದು ಕೂಗಿ ಹೇಳುವ ಕಂಟ್ರೋಲರ್ ಗೋವಿಂದಪ್ಪನವರ ಬಗ್ಗೆ ಊರಿನಲ್ಲಿ ಎರಡು ಅಭಿಪ್ರಾಯಗಳಿರಲಿಲ್ಲ. ದಪ್ಪ ಮೀಸೆ, ಅದಕ್ಕೆ ತಕ್ಕ ಗಂಟಲು, ತಪ್ಪಿಯೂ ನಗದ ಮುಖ. ಅವರು ‘ಹೊಳಲ್ಕೆರೆ ಮಾರ್ಗವಾಗಿ ಚಿತ್ರದುರ್ಗ’ ಎಂದರೆ ಹಿರಿಯೂರಿಗೆ ಹೋಗಬೇಕಾದವರೂ ಒಮ್ಮೆ ಎದ್ದು ನಿಂತು, ತಾವು ಹೋಗುತ್ತಿರುವುದು ಸರಿಯಾದ ಊರಿಗೇ ಹೌದೇ ಎಂದು ಯೋಚಿಸುತ್ತಿದ್ದರು.

ಅವರ ಹೆಂಡತಿ ಯಶೋದಮ್ಮನ ಬಗ್ಗೆಯೂ ಎರಡು ಅಭಿಪ್ರಾಯಗಳಿರಲಿಲ್ಲ. ಹಳೆಯ ಹತ್ತಿ ಸೀರೆಗಳನ್ನು ಪದರ ಪದರವಾಗಿ ಹಾಸಿ, ಅಂಚು ಮಡಿಚಿ, ದಪ್ಪ ನೂಲಿನಲ್ಲಿ ಸಾಲು ಸಾಲಾಗಿ ಹೊಲಿದು ಕೌದಿ ಮಾಡುವುದರಲ್ಲಿ ಅವರನ್ನು ಮೀರಿಸುವವರು ತಾಲ್ಲೂಕಿನಲ್ಲೇ ಇಲ್ಲ ಎಂಬುದು ಎಲ್ಲರೂ ಒಪ್ಪಿದ ಮಾತು. ಅವರ ಬೀದಿಯಲ್ಲಿ ಹುಟ್ಟಿದ ಮಕ್ಕಳೆಲ್ಲ ಮೊದಲು ಬೆಚ್ಚಗಾದದ್ದು ಆ ಮನೆಯ ಕೌದಿಯಲ್ಲೇ.

ಈ ಎರಡು ಅಭಿಪ್ರಾಯಗಳಲ್ಲಿ ಮೊದಲನೆಯದು ನಿಜ. ಎರಡನೆಯದು ಶುದ್ಧ ಸುಳ್ಳು. ಕೌದಿ ಹೊಲಿಯುತ್ತಿದ್ದವರು ಗೋವಿಂದಪ್ಪನವರು. ಯಶೋದಮ್ಮನಿಗೆ ಅಂಗಿಗೆ ಗುಂಡಿ ಹಚ್ಚುವುದೂ ಬರುತ್ತಿರಲಿಲ್ಲ.

ಗೋವಿಂದಪ್ಪ ಮತ್ತೋಡಿನವರು. ತಂದೆ ಕುರಿ ಕಾಯುತ್ತಿದ್ದರಿಂದ ಮನೆಯಲ್ಲಿ ಕಂಬಳಿಗೆ ಕೊರತೆಯಿರಲಿಲ್ಲ. ಆದರೂ ತಾಯಿ ಮಧ್ಯಾಹ್ನ ಕೌದಿ ಹಾಸಿಕೊಂಡು ಕೂತರೆ, ಹುಡುಗ ಗೋವಿಂದ ಇನ್ನೊಂದು ಮೂಲೆಯಿಂದ ಹೊಲಿಯುತ್ತಾ ಬಂದು ಆಕೆಯನ್ನು ನಡುವೆ ಸೇರುತ್ತಿದ್ದ. ಮುಂದೆ ನೌಕರಿ ಬಂತು, ಮೀಸೆ ಬಂತು, ಹೆಂಡತಿ ಬಂದಳು. ಸೂಜಿಯ ಹುಚ್ಚು ಮಾತ್ರ ಹೋಗಲಿಲ್ಲ. ಮದುವೆಯಾದ ಹೊಸತರಲ್ಲಿ, ಹಗ್ಗದ ಮೇಲೆ ಒಣಗುತ್ತಿದ್ದ ಕೌದಿಯನ್ನು ನೋಡಿ ಪಕ್ಕದ ಮನೆಯ ಚೌಡೇಶ್ವರಿ, “ಇದನ್ನ ನೀವೇ ಹೊಲಿದ್ರಾ ಯಶೋದಕ್ಕ?” ಎಂದು ಕೇಳಿದರು. ಯಶೋದಮ್ಮ ಗಂಡನ ಮುಖ ನೋಡಿದರು. ಗಂಡ ಸೂರು ನೋಡಿದರು. ಡಿಪೋದ ಡ್ರೈವರುಗಳಿಗೆ ಈ ವಿಷಯ ತಿಳಿದರೆ ಮೈಕಿನ ಮುಂದೆ ತಮ್ಮ ಮರ್ಯಾದೆ ಉಳಿಯುತ್ತದೆಯೇ ಎಂಬ ಚಿಂತೆ ಅವರದು. ಯಶೋದಮ್ಮ “ಹೂಂ” ಎಂದುಬಿಟ್ಟರು. ಆ ಒಂದು ಅಕ್ಷರದ ಮೇಲೆ ಇಷ್ಟು ವರ್ಷಗಳ ಕೀರ್ತಿ ನಿಂತಿತ್ತು.

ಈಗ ಭುಜದ ವಿಷಯ. ನೀರು ಕುಡಿದ ಕೌದಿ ಎಷ್ಟು ಭಾರ ಎಂಬುದು ಒಗೆದವರಿಗೆ ಗೊತ್ತು. ಅಂಥದೊಂದನ್ನು ಮಾಳಿಗೆಯ ಹಗ್ಗಕ್ಕೆ ಎಸೆಯುವಾಗ ಗೋವಿಂದಪ್ಪನವರ ಬಲಭುಜದೊಳಗೆ ಏನೋ ಹರಿದ ಸದ್ದಾಯಿತು. ಕೌದಿಯೇ ಹರಿಯಿತು ಎಂದುಕೊಂಡು ಅವರು ಮೊದಲು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. ಹರಿದದ್ದು ಭುಜದ ಸ್ನಾಯುವೆಂದು ಚಿತ್ರದುರ್ಗದ ಆಸ್ಪತ್ರೆಯಲ್ಲಿ ತಿಳಿಯಿತು. ಆಪರೇಷನ್ ಆಯಿತು. ಕೈಯನ್ನು ಎದೆಗೆ ಒತ್ತಿ ಬೆಲ್ಟು ಕಟ್ಟಿದರು. ಡಿಪೋಗೆ ಅವರು ಕೊಟ್ಟ ಕಾರಣ, ಮೋಟಾರ್ ಸೈಕಲ್ಲಿಗೆ ಸ್ಟ್ಯಾಂಡು ಹಾಕುವಾಗ ಆಯಿತು ಎಂದು.

ಮನೆಗೆ ಕಳಿಸುವ ದಿನ ಅವರು ಡಾಕ್ಟರಲ್ಲಿ ತಗ್ಗಿದ ದನಿಯಲ್ಲಿ ವಿಚಾರಿಸಿದರು.

“ಡಾಕ್ಟ್ರೇ, ಸೂಜಿ ಯಾವಾಗ?”

“ಸೂಜಿ ಎಲ್ಲ ಮುಗೀತು ಯಜಮಾನ್ರೇ. ಇನ್ನು ಬರೀ ಮಾತ್ರೆ.”

“ಹಂಗಲ್ಲ ಸಾರ್. ನಾನು ಸೂಜಿ ಹಿಡಿಯಾದು ಯಾವಾಗ ಅಂತ.”

“ನೀವ್ಯಾಕೆ ಹಿಡೀಬೇಕು? ಅದಕ್ಕೆ ಸಿಸ್ಟರ್ ಇದಾರೆ.”

ಯಶೋದಮ್ಮ ಕೆಮ್ಮಿದರು. ಈ ಪೇಷಂಟಿಗೆ ಕೊಟ್ಟ ಮತ್ತಿನ ಮದ್ದು ಇನ್ನೂ ಪೂರ್ತಿ ಇಳಿದಿಲ್ಲ ಎಂದು ಸಿಸ್ಟರ್ ಪಕ್ಕದ ಮಂಚದವರಿಗೆ ಹೇಳಿದಳು.

ಮನೆಯ ಒಳಕೋಣೆಯಲ್ಲಿ ಒಂದು ಕೌದಿ ಅರ್ಧಕ್ಕೆ ನಿಂತಿತ್ತು. ಅದು ಚೌಡೇಶ್ವರಿಯವರದು. ಮಗಳು ಕಾವ್ಯ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಕೂಸಿಗೆಂದು ಚೌಡೇಶ್ವರಿ ತಮ್ಮ ಮೆತ್ತನೆಯ ಸೀರೆಗಳನ್ನೆಲ್ಲ ಆರಿಸಿ ಕೊಟ್ಟಿದ್ದರು. ರೋಗಿಯನ್ನು ನೋಡಲು ಮೂಸಂಬಿ ಹಿಡಿದು ಬಂದವರು, ರೋಗಿಯ ಬಳಿ ಎರಡು ಮಾತಾಡಿ ಯಶೋದಮ್ಮನ ಕಡೆ ತಿರುಗಿದರು.

“ಒಂದು ಲೆಕ್ಕಕ್ಕೆ ಒಳ್ಳೇದೇ ಆತು ಯಶೋದಕ್ಕ. ಗೋವಿಂದಣ್ಣ ಮಲಗಿರ್ತಾರೆ, ನೀವು ಮನೇಲೇ ಇರ್ತೀರ. ಕೂತಲ್ಲೇ ಕೌದಿ ಮುಗೀತೈತೆ.”

“ಮುಗೀತೈತೆ,” ಎಂದರು ಯಶೋದಮ್ಮ, ಯಾರದೋ ಸಾಲಕ್ಕೆ ಜಾಮೀನು ನಿಂತವರ ಹಾಗೆ.

“ಕಾವ್ಯಂಗೆ ದಿನ ತುಂಬಾಕೆ ಇನ್ನೆರಡು ತಿಂಗಳೈತೆ. ಅಷ್ಟರೊಳಗೆ ಆದ್ರೆ ಸಾಕು.”

ಗೋವಿಂದಪ್ಪನವರಿಗೆ ಭುಜದ ನೋವಿಗಿಂತ ಆ ಅರ್ಧ ಕೌದಿಯ ಚಿಂತೆಯೇ ಹೆಚ್ಚು. ಬೆರಳುಗಳು ಬೆಲ್ಟಿನೊಳಗೇ ಹೊಲಿಗೆ ಹಾಕುತ್ತಿದ್ದವು. ಈ ಕೈ ಮತ್ತೆ ಬಾರದಿದ್ದರೆ ಎಂಬ ಯೋಚನೆ ಬಂದಾಗೆಲ್ಲ ಅವರು ಒಂದು ಲೋಟ ನೀರು ಕೇಳುತ್ತಿದ್ದರು. ಯಶೋದಮ್ಮ ನೀರು ತಂದು ತಂದು ಸೋತರು.

ಒಂದು ಮಧ್ಯಾಹ್ನ ಯಶೋದಮ್ಮ ಸಂತೆಗೆ ಹೋದಾಗ ಗೋವಿಂದಪ್ಪ ತಡೆಯಲಾರದೆ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡರು. ಕೈಗಡಿಯಾರ ಕಟ್ಟಿಕೊಳ್ಳುವುದನ್ನು ಬಿಟ್ಟರೆ ಎಡಗೈಯಿಂದ ಅವರು ಅಲ್ಲಿಯವರೆಗೆ ಬೇರೆ ಕೆಲಸ ತೆಗೆದವರಲ್ಲ. ಸೂಜಿಯನ್ನು ಕಾಲ್ಬೆರಳ ಸಂದಿಯಲ್ಲಿ ನಿಲ್ಲಿಸಿ ನೂಲು ಪೋಣಿಸಿದರು. ಎಡಗೈ ಮೊದಮೊದಲು ಹಟ ಮಾಡಿದರೂ ಆಮೇಲೆ ಸಾಗಿತು. ಒಂದು ಗೇಣು ಹೊಲಿದು, ಪರವಾಗಿಲ್ಲ ಎಂದು ತಲೆದೂಗುವಷ್ಟರಲ್ಲಿ ಬಾಗಿಲ ಬಳಿ ಚಪ್ಪಲಿ ಬಿಡುವ ಸದ್ದಾಯಿತು. ಬಂದವರು ಡಿಪೋದ ಡ್ರೈವರ್ ಕರಿಯಣ್ಣ.

ಗೋವಿಂದಪ್ಪ ಕೌದಿಯನ್ನು ಬದಿಗೆ ತಳ್ಳಲು ನೋಡಿದರು. ಕೌದಿಯ ಜೊತೆ ಲುಂಗಿಯೂ ಹೊರಟಿತು. ಆ ಒಂದು ಗೇಣು ಅವರು ಹೊಲಿದದ್ದು ಕೌದಿಯನ್ನು ಲುಂಗಿಗೆ.

“ಬಾರಪ್ಪ ಕರಿಯಣ್ಣ, ಕುಂತ್ಕ,” ಎಂದು ಕೌದಿಯನ್ನು ಸೊಂಟದವರೆಗೆ ಹೊದ್ದುಕೊಂಡರು.

“ಇಷ್ಟು ಸೆಕೆಯಾಗೆ ಕೌದಿ ಯಾಕೆ ಸಾಹೇಬ್ರೇ? ಜ್ವರ ಏನಾರ ಐತಾ?”

“ಇಲ್ಲ. ಹಿಂಗೇ.”

“ಹಂಗಾದ್ರೆ ಏಳ್ರಿ, ಆಚೆ ಕಟ್ಟೆ ಮ್ಯಾಲೆ ಗಾಳಿಗೆ ಕುಂತ್ಕಳಾಣ.”

“ಏಳಾಕಾಗಲ್ಲ.”

ಕರಿಯಣ್ಣನಿಗೆ ಅರ್ಥವಾಗಲಿಲ್ಲ. “ಆಪರೇಷನ್ ಆಗಿದ್ದು ಭುಜಕ್ಕಲ್ವಾ?”

“ಹೂಂ. ಭುಜಕ್ಕೇ.”

“ಮತ್ತೆ ಏಳಾಕ್ಯಾಕೆ ಆಗಲ್ಲ? ನಾನು ಹಿಡ್ಕಂತೀನಿ ಬರ್ರಿ.”

“ಎಳೀಬ್ಯಾಡ ಕಣಪ್ಪ,” ಎಂದರು ಗೋವಿಂದಪ್ಪ ಗಾಬರಿಯಿಂದ. “ಹರಿದೋಗ್ತೈತೆ.”

“ಏನು ಹರಿಯಾದು?”

“ಎಲ್ಲಾನೂ.”

ಕರಿಯಣ್ಣ ತಂದಿದ್ದ ಬಾಳೆಹಣ್ಣನ್ನು ಅವರ ತಲೆದೆಸೆಯಲ್ಲಿಟ್ಟು, ಕಣ್ಣೊರೆಸಿಕೊಂಡು ಹೊರಟರು. ಭುಜ ಕೊಯ್ಯಿಸಿಕೊಳ್ಳಲು ಹೋದ ಕಂಟ್ರೋಲರಿಗೆ ಕಾಲೂ ಹೋಯಿತು ಎಂಬ ಸುದ್ದಿ ಸಂಜೆಯೊಳಗೆ ಬಸ್ ನಿಲ್ದಾಣ ಮುಟ್ಟಿತು. ಅಲ್ಲಿಗೆ ಮುಟ್ಟಿದ ಸುದ್ದಿ ಅಲ್ಲೇ ನಿಲ್ಲುವುದಿಲ್ಲ; ಅದಕ್ಕೆ ಟಿಕೆಟ್ಟೂ ಬೇಡ. ಮತ್ತೋಡಿನ ಬಸ್ಸು ಅದನ್ನು ಗೋವಿಂದಪ್ಪನವರ ಅಕ್ಕ ಏಕನಾಥಮ್ಮನ ಮನೆಬಾಗಿಲಿಗೇ ಇಳಿಸಿತು.

ಏಕನಾಥಮ್ಮ ಮಾರನೆಯ ದಿನ ಲಕ್ಕಿ ಸೊಪ್ಪಿನ ದೊಡ್ಡ ಕಟ್ಟು ಹೊತ್ತು ಬಂದರು. ಸೊಪ್ಪಿನ ಬಿಸಿನೀರಿನಲ್ಲಿ ಅದ್ದಿದರೆ ಬಿದ್ದ ಕಾಲು ಏಳುತ್ತದೆಂಬುದು ಅವರ ನಂಬಿಕೆ. ಬಾಗಿಲಲ್ಲಿ ತಮ್ಮನೇ ಎದುರಾಗಿ, “ಬಾರಕ್ಕ” ಎಂದು ಒಳಗೆ ನಡೆದುಕೊಂಡು ಹೋದ.

“ನಡೀತಾ ಇದೀಯಲ್ಲೋ,” ಎಂದರು ಏಕನಾಥಮ್ಮ. ದನಿಯಲ್ಲಿ ಸಂತೋಷವೂ ಇತ್ತು, ಸೊಪ್ಪು ಹಾಳಾಯಿತಲ್ಲ ಎಂಬ ಬೇಸರವೂ ಇತ್ತು.

“ನಡೀದೆ ಏನಕ್ಕ?”

“ಕಾಲು ಹೋತು ಅಂದ್ರಪ್ಪ. ಇರ್ಲಿ, ತಂದಿದೀನಿ, ಭುಜಕ್ಕೇ ಕಟ್ಟಾಣ.”

ಹೊಲಿಗೆ ಒಣಗುವವರೆಗೆ ಏನೂ ಕಟ್ಟಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಯಶೋದಮ್ಮ ಕೈಮುಗಿದು ತಡೆದರು. ಸೊಪ್ಪು ತಂದವರು ಸುಮ್ಮನೆ ವಾಪಸು ಹೋಗಲಾರರು. ಏಕನಾಥಮ್ಮ ಒಳಕೋಣೆಯಲ್ಲಿ ಉಳಿದರು. ಅಲ್ಲಿ ಅರ್ಧ ಕೌದಿ ಕಣ್ಣಿಗೆ ಬಿತ್ತು.

“ಯಶೋದಾ, ಇದನ್ಯಾಕೆ ಹಿಂಗೆ ಬಿಟ್ಟಿದೀಯ? ನೀನು ಹೊಲಿ, ನಾನು ನೋಡ್ತಾ ಕುಂತ್ಕಂತೀನಿ. ಇವನೂ ಸಣ್ಣೋನಿದ್ದಾಗ ಹೊಲೀತಿದ್ದ. ಮೀಸೆ ಬಂದ ಮ್ಯಾಲೆ ಬಿಟ್ಟ.”

ಗೋವಿಂದಪ್ಪ ಸೂರು ನೋಡಿದರು. ಯಶೋದಮ್ಮ ಒಲೆಯ ಮೇಲೆ ಹಾಲಿದೆ ಎಂದು ಹೊರಗೆ ಹೋದರು.

ಹೊರಗೆ ಹಾಲಿಗಿಂತ ದೊಡ್ಡ ಆಪತ್ತು ಕಾದಿತ್ತು. ಚೌಡೇಶ್ವರಿ ಒಬ್ಬ ಅಧಿಕಾರಿಯನ್ನು ಕರೆದುಕೊಂಡು ಬಂದು ನಿಂತಿದ್ದರು. ಅವರ ಹೆಸರು ದಯಾನಂದ. ಮಹಿಳಾ ಸಂಘಗಳನ್ನು ನೋಡಿಕೊಳ್ಳುವವರು. ಬೀದಿಯ ಸಂಘಕ್ಕೆ ಚೌಡೇಶ್ವರಿಯೇ ಅಧ್ಯಕ್ಷೆ. ಚಿತ್ರದುರ್ಗದಲ್ಲಿ ಮಹಿಳೆಯರ ಕೈಕಸುಬಿನ ಪ್ರದರ್ಶನವಿದೆ, ಅಲ್ಲಿ ಯಶೋದಮ್ಮ ಜನರೆದುರು ಕೂತು ಕೌದಿ ಹೊಲಿದು ತೋರಿಸಬೇಕು ಎಂದು ಆಕೆ ತಾವೇ ಹೆಸರು ಕೊಟ್ಟುಬಿಟ್ಟಿದ್ದರು.

“ಸುಮ್ನೆ ಸ್ವಲ್ಪ ಹೊಲೀರಿ ಅಮ್ಮ,” ಎಂದರು ದಯಾನಂದ, ಮೊಬೈಲು ಎತ್ತಿ ಹಿಡಿದು. “ಸಣ್ಣ ವಿಡಿಯೋ. ಮೇಲಿನವರಿಗೆ ಕಳಿಸಬೇಕು.”

ಏಕನಾಥಮ್ಮ ಉತ್ಸಾಹದಿಂದ ಕೌದಿಯನ್ನು ತಂದು ಜಗಲಿಯ ಮೇಲೆ ಹಾಸಿದರು. ಚೌಡೇಶ್ವರಿ ಸೂಜಿಗೆ ನೂಲು ಪೋಣಿಸಿ ಕೊಟ್ಟರು. ಯಶೋದಮ್ಮ ಸೂಜಿಯನ್ನು ನೋಡಿದರು, ಗಂಡನನ್ನು ನೋಡಿದರು, ಕೊನೆಗೆ ತಮ್ಮ ಬಲಭುಜವನ್ನು ಹಿಡಿದುಕೊಂಡು ಕೂತರು.

“ನನಗೂ ಭುಜ ಹಿಡ್ಕಂಡೈತೆ ಸಾರ್. ಎತ್ತಾಕೇ ಆಗಲ್ಲ.”

“ಯಾವಾಗಿಂದ?”

“ಇವರ ಆಪರೇಷನ್ ಆದಾಗಿಂದ.”

ದಯಾನಂದ ಮೊಬೈಲು ಇಳಿಸಿದರು. ಚೌಡೇಶ್ವರಿ ಗಂಡ ಹೆಂಡತಿ ಇಬ್ಬರ ಭುಜಗಳನ್ನೂ ಬದಲಿಸಿ ಬದಲಿಸಿ ನೋಡಿ, ನಿಧಾನವಾಗಿ ಒಂದು ಹೆಜ್ಜೆ ಹಿಂದೆ ಸರಿದರು. “ಇದು ಒಬ್ಬರಿಂದ ಒಬ್ಬರಿಗೆ ಅಂಟ್ಕಳಾದಾ ಸಾರ್?”

“ಹಂಗೇನೂ ಇರಲಿಕ್ಕಿಲ್ಲ,” ಎಂದರು ದಯಾನಂದ. ಆದರೆ ಹೇಳುವಾಗ ಅವರೂ ತಮ್ಮ ಭುಜವನ್ನು ಒಂದು ಸಲ ತಿರುಗಿಸಿ ನೋಡಿಕೊಂಡರು. ಒಳಗೆ ‘ಲಟಕ್’ ಎಂದಿತು.

ಮನುಷ್ಯನ ಭುಜದ ಗುಣವೇ ಅಂಥದ್ದು. ನೆನಪಾಗುವವರೆಗೆ ಅದು ಇರುವುದೇ ಗೊತ್ತಾಗುವುದಿಲ್ಲ. ನೆನಪಾಗಿ ತಿರುಗಿಸಿದರೆ ಏನಾದರೊಂದು ಸದ್ದು ಮಾಡಿಯೇ ಮಾಡುತ್ತದೆ. ಸಂಜೆಯ ಹೊತ್ತಿಗೆ ಬೀದಿಯವರೆಲ್ಲ ಬಾಗಿಲಲ್ಲಿ ನಿಂತು ಕೈ ತಿರುಗಿಸುತ್ತಿದ್ದರು. ಕೊಳಾಯಿ ನೀರೇ ಕಾರಣ ಎಂದರು ಕೆಲವರು. ದೃಷ್ಟಿ ಎಂದರು ಏಕನಾಥಮ್ಮ. ಅವರ ಲಕ್ಕಿ ಸೊಪ್ಪಿಗೆ ಕೊನೆಗೂ ಗಿರಾಕಿ ಸಿಕ್ಕಿ, ಕಟ್ಟು ಪೂರ್ತಿ ಖಾಲಿಯಾಯಿತು. ಕರಿಯಣ್ಣ ಸ್ಟಿಯರಿಂಗ್ ತಿರುಗಿಸುವಾಗ ತಮಗೂ ಹಿಡಿಯುತ್ತಿದೆ ಎಂದು ಡಿಪೋದಲ್ಲಿ ಹೇಳಿದರು. ದಯಾನಂದ ಕಾಳಜಿಯುಳ್ಳ ಅಧಿಕಾರಿ. ಹೆಸರು ಕಳಿಸಿದ ಮೇಲೆ ಕೌದಿಯವರು ಮಲಗಿದರೆ ಮೇಲಿನವರಿಗೆ ಉತ್ತರ ಹೇಳಬೇಕಾದವರೂ ಅವರೇ. ಆರೋಗ್ಯ ಇಲಾಖೆಯವರನ್ನು ಹಿಡಿದು, ಬೀದಿಯ ಅಂಗನವಾಡಿಯಲ್ಲಿ ಭುಜ ತಪಾಸಣಾ ಶಿಬಿರವನ್ನೇ ಏರ್ಪಾಡು ಮಾಡಿಬಿಟ್ಟರು. ಬಾಗಿಲಿಗೆ ಬ್ಯಾನರ್ ಕಟ್ಟಿದ್ದಾಯಿತು. ಕಟ್ಟಿದವನಿಗೂ ಭುಜ ನೋವು ಬಂತು.

ಶಿಬಿರಕ್ಕೆ ಬಂದವರು ಪ್ರೀತಿ ಎಂಬ ಫಿಸಿಯೋಥೆರಪಿಸ್ಟ್. ಮಾತು ಕಡಿಮೆ. ಒಬ್ಬೊಬ್ಬರ ಕೈಯನ್ನೂ ಮೇಲೆತ್ತಿ, ಹಿಂದೆ ತಿರುಗಿಸಿ, “ಏನೂ ಆಗಿಲ್ಲ, ಹೋಗಿ” ಎನ್ನುತ್ತಿದ್ದರು. ಇಷ್ಟು ಹೊತ್ತು ನಿಂತದ್ದಕ್ಕೆ ಏನಾದರೂ ಇದ್ದಿದ್ದರೆ ಚೆನ್ನಾಗಿತ್ತು ಎಂಬ ಮುಖ ಮಾಡಿಕೊಂಡು ಜನ ಹೋಗುತ್ತಿದ್ದರು.

ಯಶೋದಮ್ಮನ ಸರದಿ ಬಂತು. ಪ್ರೀತಿ ಕೈ ಎತ್ತಿದರು. ಅದು ಸಲೀಸಾಗಿ ಆಕಾಶ ತೋರಿಸಿತು.

“ನಿಮ್ಮ ಭುಜ ನನ್ನ ಭುಜಕ್ಕಿಂತ ಚೆನ್ನಾಗಿದೆ. ಏನು ಕೆಲಸ ಮಾಡ್ತೀರಿ?”

“ಕೌದಿ ಹೊಲೀತಾರೆ ಮೇಡಂ,” ಎಂದು ಸಾಲಿನಿಂದ ಚೌಡೇಶ್ವರಿ ಉತ್ತರ ಕೊಟ್ಟರು.

“ಹೊಲಿಯುವಾಗ ನೋವಾದರೆ ಕೈ ಇಡುವ ರೀತಿ ತಪ್ಪಿರಬಹುದು. ಹೇಗೆ ಹೊಲೀತೀರಿ, ತೋರಿಸಿ.” ಪ್ರೀತಿ ಒಂದು ಪೆನ್ನು ಕೊಟ್ಟರು.

ಯಶೋದಮ್ಮ ಪೆನ್ನನ್ನು ಸೌಟು ಹಿಡಿದಂತೆ ಹಿಡಿದು ಗಾಳಿಯಲ್ಲಿ ಎರಡು ಸುತ್ತು ತಿರುವಿದರು. ಕೌದಿ ಕಂಡವರು ಯಾರೂ ಅಂಥ ಹೊಲಿಗೆ ಕಂಡಿರಲಿಲ್ಲ. ಚೌಡೇಶ್ವರಿ ಮಾತ್ರ, “ಪಾಪ, ನೋವಿಗೆ ಕೈಯೇ ಮರೆತೈತೆ,” ಎಂದರು.

ಮುಂದಿನವರು ಗೋವಿಂದಪ್ಪ. ಪ್ರೀತಿ ಅವರ ಬೆಲ್ಟು ಸಡಿಲಿಸಿ, ಗಾಯ ನೋಡಿ, ಮೊಣಕೈ ಮೆಲ್ಲಗೆ ಮಡಿಸಿ ಬಿಡಿಸಿದರು. ಅಲ್ಲಿದ್ದವರಲ್ಲಿ ನಿಜವಾದ ಭುಜರೋಗಿ ಇವರೊಬ್ಬರೇ ಆದ್ದರಿಂದ ಆಕೆಯ ಮುಖ ಸ್ವಲ್ಪ ಅರಳಿತು.

“ಈ ಕೈ ಮತ್ತೆ ಯಾವ ಕೆಲಸಕ್ಕೆ ಬೇಕು ನಿಮಗೆ? ಅದನ್ನ ನೋಡಿ ವ್ಯಾಯಾಮ ಹೇಳ್ತೀನಿ.”

“ಮೈಕ್ ಹಿಡಿಯಾಕೆ ಮೇಡಂ,” ಎಂದರು ಕರಿಯಣ್ಣ ಹಿಂದಿನಿಂದ. “ನಮ್ಮ ಕಂಟ್ರೋಲರ್ ಸಾಹೇಬ್ರು.”

“ಅಷ್ಟೇ ಆದರೆ ಹೆಚ್ಚಿಗೆ ಏನೂ ಬೇಡ. ಮೊಣಕೈ ಮಡಚುತ್ತೆ, ಬೆಲ್ಟ್ ಬಿಚ್ಚಿದ ಮೇಲೆ ಮೈಕ್ ಹಿಡೀಬಹುದು. ಮನೆಯಲ್ಲೇ ಸ್ವಲ್ಪ ಕೈ ಆಡಿಸ್ತಾ ಇರಿ.” ಪ್ರೀತಿ ಮುಂದಿನವರನ್ನು ಕರೆಯಲು ತಲೆಯೆತ್ತಿದರು.

ಗೋವಿಂದಪ್ಪ ಏಳಲಿಲ್ಲ. ಮೈಕಿಗೆ ಸಾಲುವಷ್ಟು ಕೈ ಮಾತ್ರ ತಮಗೆ ದಕ್ಕುತ್ತದೆ ಎಂಬ ಮಾತು ಅವರಿಗೆ ಒಪ್ಪಿಗೆಯಾಗಲಿಲ್ಲ. ಆದರೆ ಹಿಂದೆ ಇಡೀ ಬೀದಿ ನಿಂತಿದೆ, ಡಿಪೋ ನಿಂತಿದೆ.

“ಮೇಡಂ, ಇನ್ನೊಂದು ಕೆಲಸ ಐತೆ. ನೆಲದ ಮ್ಯಾಲೆ ಕುಂತ್ಕಂಡು, ಮುಂದಕ್ಕೆ ಬಗ್ಗಿ, ಕೈ ಹಿಂಗೆ ಚಾಚಿ, ಈ ಕಡೆಯಿಂದ ಆ ಕಡೆಗೆ...” ಎಂದು ಎಡಗೈಯಿಂದ ತೋರಿಸಿದರು.

“ನೆಲ ಒರೆಸ್ತೀರಾ?”

ಸಾಲಿನಲ್ಲಿ ಯಾರೋ ನಕ್ಕರು. ಕರಿಯಣ್ಣ ಮರುಕದಿಂದ ಯಶೋದಮ್ಮನ ಕಡೆ ನೋಡಿದರು. ಇಂಥ ಮನುಷ್ಯನ ಕೈಲಿ ನೆಲ ಒರೆಸಿಸುತ್ತಾರಲ್ಲ ಎಂಬುದು ಆ ನೋಟದ ಅರ್ಥ. ಗೋವಿಂದಪ್ಪನವರಿಗೆ ಅದನ್ನು ಸಹಿಸಲಾಗಲಿಲ್ಲ.

“ನೆಲ ಅಲ್ಲ. ಕೌದಿ. ಕೌದಿ ಹೊಲೀತೀನಿ ಮೇಡಂ, ನಾನು.”

ದನಿ ಮೈಕಿಗೆ ಪಳಗಿದ್ದು. ಮೆಲ್ಲಗೆ ಹೇಳಬೇಕೆಂದುಕೊಂಡಿದ್ದರೂ ಅದು ಅಂಗನವಾಡಿ ದಾಟಿ ರಸ್ತೆಗೂ ಕೇಳಿಸಿತು.

“ಎಲ್ಲ ಅವರೇ ಹೊಲಿದಿದ್ದು,” ಎಂದರು ಯಶೋದಮ್ಮ. ತಲೆಯ ಮೇಲಿನ ತುಂಬಿದ ಕೊಡ ಇಳಿಸಿದಂತಿತ್ತು ಅವರ ಮುಖ. “ನನಗೆ ಗುಂಡಿ ಹಚ್ಚಾಕೂ ಬರಲ್ಲ. ಹೊಗಳಿಸ್ಕಂಡು ಹೊಗಳಿಸ್ಕಂಡು ಸಾಕಾಗೈತೆ ನನಗೆ.”

ಮೊದಲು ಬಾಯಿ ಬಿಟ್ಟವರು ಕರಿಯಣ್ಣ. “ಹಂಗಾರೆ ನನ್ನ ಮದುವೆಗೆ ಕೊಟ್ಟಿದ್ದು? ನಾನು ಇಷ್ಟು ವರ್ಷ ಹೊದ್ಕಂಡಿರಾದು?”

“ನಂದೇ ಕಣಪ್ಪ.”

ಕರಿಯಣ್ಣ ಅದನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಹೊದ್ದು ನೋಡಿದರು. “ಬೆಚ್ಚಗೇನೋ ಐತೆ,” ಎಂದು ಒಪ್ಪಿಕೊಂಡರು.

ಚೌಡೇಶ್ವರಿಯ ಕಷ್ಟ ಬೇರೆ. “ಅಂಚು ಹೆಂಗಿರಬೇಕು, ಬಣ್ಣ ಯಾವ್ದು ಅಂತ ಮಾತಾಡುವಾಗೆಲ್ಲ, ಹೆಂಗಸರ ಮಾತು ಅಂತ ಗೋವಿಂದಣ್ಣನ್ನ ನಾನೇ ಆಚೆ ಕಳಿಸ್ತಿದ್ದೆ.”

“ಹೂಂ ಚೌಡಮ್ಮ,” ಎಂದರು ಗೋವಿಂದಪ್ಪ. “ನಾನು ಕಿಟಕಿ ಹತ್ರ ನಿಂತ್ಕಂಡು ಕೇಳಿಸ್ಕಂತಿದ್ದೆ.”

“ಮೀಸೆ ಬಂದ ಮ್ಯಾಲೆ ಬಿಟ್ಟೆ ಅಂತ ಮಾಡಿದ್ನಲ್ಲೋ,” ಎಂದರು ಏಕನಾಥಮ್ಮ.

ಯೋಚನೆಗೆ ಬಿದ್ದವರು ದಯಾನಂದ. ಮೇಲಕ್ಕೆ ಹೋಗಿರುವ ಹೆಸರು ಯಶೋದಮ್ಮನದು, ಪ್ರದರ್ಶನ ಮಹಿಳೆಯರದು, ಹೊಲಿಯುವವರಿಗೆ ಮೀಸೆ. ಇದನ್ನು ಯಾವ ರೀತಿ ಸರಿಪಡಿಸುವುದೆಂದು ಅವರು ಬ್ಯಾನರನ್ನೇ ನೋಡುತ್ತ ನಿಂತರು. ಇಷ್ಟೆಲ್ಲದರ ನಡುವೆ ಕದಲದೆ ಕೂತಿದ್ದವರು ಪ್ರೀತಿ ಒಬ್ಬರೇ.

“ಕೌದಿಗಾದರೆ ವ್ಯಾಯಾಮ ಬೇರೆ,” ಎಂದರು. “ಹೆಚ್ಚು ಕಷ್ಟ. ತಿಂಗಳುಗಟ್ಟಲೆ ಆಗುತ್ತೆ. ಮಾಡ್ತೀರಾ?”

“ಮಾಡ್ತೀನಿ,” ಎಂದರು ಗೋವಿಂದಪ್ಪ.

ಅವರು ಮಾಡಿದರು. ಬಗ್ಗಿ ನಿಂತು ಕೈಯನ್ನು ಗಂಟೆಯ ನಾಲಗೆಯಂತೆ ತೂಗಾಡಿಸಿದರು. ಬೆಲ್ಟು ಬಿಚ್ಚಿದ ಮೇಲೆ ಬೆರಳುಗಳನ್ನು ಗೋಡೆಯ ಮೇಲೆ ಇರುವೆಯಂತೆ ಹತ್ತಿಸಿದರು. ಹೋದವರು ಬಂದವರೆಲ್ಲ ಕಿಟಕಿಯಲ್ಲಿ ಇಣುಕಿ, ಬೆರಳು ಎಲ್ಲಿಯವರೆಗೆ ಹತ್ತಿತು ಎಂದು ವಿಚಾರಿಸಿ ಹೋಗುತ್ತಿದ್ದರು.

ಆದರೆ ಕಾವ್ಯಳ ದಿನಗಳು ಅವರ ಭುಜಕ್ಕಾಗಿ ಕಾಯುವಂತಿರಲಿಲ್ಲ. ಚೌಡೇಶ್ವರಿ ಒಂದು ಬೆಳಿಗ್ಗೆ ಸಂಘದ ಹೆಂಗಸರನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೌದಿ ಹಾಸಿದರು.

“ನಾವು ಹೊಲೀತೀವಿ. ನೀವು ಹೇಳ್ರಿ ಗೋವಿಂದಣ್ಣ.”

ಗೋವಿಂದಪ್ಪ ಕುರ್ಚಿಯಲ್ಲಿ ಕೂತು ಹೇಳತೊಡಗಿದರು. ಮೊದಲ ದಿನ ಅವರ ದನಿಗೆ ಬೆಚ್ಚಿ ಇಬ್ಬರು ಬೆರಳಿಗೆ ಚುಚ್ಚಿಕೊಂಡರು. ಆಮೇಲೆ ದನಿ ತಗ್ಗಿತು. ಸಾಲು ಬಿಟ್ಟವರನ್ನು ಅವರು ಹೆಸರು ಹಿಡಿದು ಕರೆದು ವಾಪಸು ತರುತ್ತಿದ್ದರು. ಯಶೋದಮ್ಮನೂ ಒಂದು ಮೂಲೆಯಲ್ಲಿ ಕೂತರು. ಅವರು ಹೊಲಿದದ್ದನ್ನು ಸಂಜೆ ಗಂಡ ಯಾರಿಗೂ ಕಾಣದಂತೆ ಎಡಗೈಯಿಂದ ಬಿಚ್ಚುತ್ತಿದ್ದರು. ಯಶೋದಮ್ಮನಿಗೆ ಅದು ಗೊತ್ತಿತ್ತು. ಆದರೂ ಮಾರನೆಯ ದಿನ ಅಲ್ಲಿಂದಲೇ ಶುರು ಮಾಡುತ್ತಿದ್ದರು.

ದಯಾನಂದ ಕೊನೆಗೆ ದಾರಿ ಕಂಡುಕೊಂಡರು. ಚಿತ್ರದುರ್ಗದ ಪ್ರದರ್ಶನದಲ್ಲಿ ‘ಯಶೋದಮ್ಮ ಮತ್ತು ತಂಡ’ ಎಂದು ಬರೆದು ಹೆಂಗಸರನ್ನು ಕೂರಿಸಿದರು. ಪಕ್ಕದಲ್ಲಿ ಕೂತ ಗೋವಿಂದಪ್ಪನವರನ್ನು ಜನ ಯಾರದೋ ಗಂಡ ಎಂದುಕೊಂಡು, ಕುಡಿಯುವ ನೀರು ಎಲ್ಲಿದೆ ಎಂದು ಕೇಳಿದರು. ಅವರು ದಾರಿ ತೋರಿಸಿದರು. ಕೌದಿ ಹೊಲಿಯುವುದು ಹೇಗೆ ಎಂದು ಕೇಳಿದವರಿಗೆಲ್ಲ ಯಶೋದಮ್ಮ, “ಅವರನ್ನ ಕೇಳ್ರಿ, ನನಗೆ ಬರಲ್ಲ,” ಎಂದರು. ಎಂಥ ವಿನಯ ಎಂದು ಜನ ಅವರಿಗೇ ಕೈಮುಗಿದು ಹೋದರು.

ಕಾವ್ಯಳಿಗೆ ಹೆಣ್ಣುಮಗುವಾಯಿತು. ಕೌದಿ ಒಂದು ಗೇಣಿನಷ್ಟು ಬಿಟ್ಟು ಉಳಿದೆಲ್ಲ ಮುಗಿದಿತ್ತು. ಆ ಗೇಣನ್ನು ಗೋವಿಂದಪ್ಪ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಅದೇ ವಾರ ಪ್ರೀತಿ, ಮೊಣಕೈಯ ಕೆಳಗೆ ದಿಂಬು ಇಟ್ಟುಕೊಂಡು ಸ್ವಲ್ಪ ಹೊತ್ತು ಸೂಜಿ ಹಿಡಿಯಬಹುದು ಎಂದರು. ಯಶೋದಮ್ಮ ನೂಲು ಪೋಣಿಸಿ ಕೊಟ್ಟರು. ಗೋವಿಂದಪ್ಪ ಬಲಗೈಯಿಂದ ಆ ಗೇಣನ್ನು ಹೊಲಿದರು. ನಡುನಡುವೆ ನಿಲ್ಲಿಸಿ ಉಸಿರು ಬಿಟ್ಟರು. ಹೊಲಿಗೆ ಒಮ್ಮೆ ಗುಡ್ಡ ಹತ್ತಿತು, ಒಮ್ಮೆ ಇಳಿಯಿತು, ಕೊನೆಯಲ್ಲಿ ಯಾಕೋ ಪಕ್ಕದ ಸಾಲಿಗೇ ಹೋಗಿ ಸೇರಿತು. ಅವರಿಗೆ ಸಮಾಧಾನವಾಗಲಿಲ್ಲ. ಬಿಚ್ಚಲು ಕೈಗೆ ಶಕ್ತಿಯೂ ಉಳಿದಿರಲಿಲ್ಲ.

ಸಂಜೆ ಚೌಡೇಶ್ವರಿ ಕೌದಿ ಒಯ್ಯಲು ಬಂದರು. ಬೆಳಕಿಗೆ ಹಿಡಿದು ಸಾಲುಗಳ ಮೇಲೆ ಕೈಯಾಡಿಸಿದರು. ಕೈ ಆ ಗೇಣಿನ ಹತ್ತಿರ ನಿಂತಿತು.

“ಇದೇನಿದು, ಹಿಂಗಾಗೈತೆ. ಯಾರು ಹೊಲಿದಿದ್ದು? ಬಿಚ್ಚಿ ಮತ್ತೆ ಹಾಕಾಣ,” ಎಂದು ಕತ್ತರಿಗೆ ಕೈ ನೀಡಿದರು.

ಯಶೋದಮ್ಮ ಬಾಯಿ ತೆರೆಯುವಷ್ಟರಲ್ಲಿ ಗೋವಿಂದಪ್ಪನವರೇ ಹೇಳಿದರು. “ನಾನು.”

ಚೌಡೇಶ್ವರಿ ಕತ್ತರಿ ಕೆಳಗಿಟ್ಟರು. ಕೌದಿಯನ್ನು ಎರಡು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡಿ, ಮಡಿಚಿ ಕಂಕುಳಲ್ಲಿ ಇಟ್ಟುಕೊಂಡರು.

“ಇರ್ಲಿ ಬಿಡ್ರಿ,” ಎಂದರು. “ಈ ಮಗ್ಗಲನ್ನ ಕೂಸಿನ ಕಾಲ ಕಡೆಗೆ ಹಾಕ್ತೀವಿ.”